ಖಡೇಬಜಾರದ ರುಮಾಲು

ಬೆಳಗಾವಿಗೆ ಬಂದು ಖಡೇಬಜಾರದಲ್ಲಿ ಒಂದು ಸುತ್ತು ಹಾಕದೆ ಹೋದೆವು ಎಂದರೆ ನಮ್ಮ ಕಡೆ ಯಾರೂ ನಂಬುವುದಿಲ್ಲ. ಗೋವೆಯಿಂದ ಬಂದವರು ಹಾಕುತ್ತಾರೆ, ಕೊಲ್ಹಾಪುರದಿಂದ ಬಂದವರು ಹಾಕುತ್ತಾರೆ. ಕೋರ್ಟಿನಲ್ಲಿ ಸೋತವರು ಕೂಡ ಊರಿನ ಗಾಡಿ ಹತ್ತುವ ಮೊದಲು ಆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಡೆದು, ಬೇಡದ್ದೊಂದು ಸಾಮಾನು ಕೊಂಡು ಮನಸ್ಸು ಸಮಾಧಾನ ಮಾಡಿಕೊಳ್ಳುತ್ತಾರೆ. ಖಾನಾಪುರದ ಕೃಷ್ಣಾಬಾಯಿ ಮಾತ್ರ ಮೂವತ್ತು ವರ್ಷ ಆ ಬೀದಿಗೆ ಕಾಲಿಟ್ಟಿರಲಿಲ್ಲ.

ಖಾನಾಪುರವೇನು ದೂರದ ಊರಲ್ಲ, ರೈಲಿನಲ್ಲಿ ಒಂದು ತಾಸಿನ ದಾರಿ. ಮದುವೆಗೆ, ಮುಂಜಿವೆಗೆ, ಮಗಳ ಬಾಣಂತನಕ್ಕೆ ಎಂದು ಆಕೆ ಎಷ್ಟೋ ಸಲ ಬೆಳಗಾವಿಗೆ ಬಂದಿದ್ದಳು. ಗಂಡ ಬಜಾರಕ್ಕೆ ಹೊರಟರೆ ಆಕೆ ಸ್ಟೇಶನ್ನಿನಲ್ಲಿಯೋ ಬೀಗರ ಮನೆಯಲ್ಲಿಯೋ ಕೂತುಬಿಡುತ್ತಿದ್ದಳು. ಮಗಳ ಮದುವೆಯ ಸೀರೆಗಳನ್ನು ಕೂಡ ಗಂಡನೇ ಹೋಗಿ ಆರಿಸಿ ತಂದದ್ದು. ಆ ಆಯ್ಕೆ ಎಷ್ಟು ಚೆನ್ನಾಗಿತ್ತು ಎಂಬುದನ್ನು ಆ ಸೀರೆ ಉಟ್ಟವರನ್ನೇ ಕೇಳಬೇಕು. ಯಾಕೆ ಬರುವುದಿಲ್ಲ ಎಂದು ಆಕೆ ಯಾರಿಗೂ ಹೇಳಲಿಲ್ಲ. ಗಂಡ ಬಿಂದುಮಾಧವರಾಯರು ಕೇಳಲೂ ಇಲ್ಲ. ಅವರಿಗೆ ಗೊತ್ತಿತ್ತು.

ರಾಯರು ಖಾನಾಪುರದ ಫಾರೆಸ್ಟ್ ಕಚೇರಿಯಲ್ಲಿ ಕಾರಕೂನರಾಗಿದ್ದು ಪೆನ್ಶನ್ ಆದವರು. ರೀತಿ ರಿವಾಜು ಎಂದರೆ ಅವರಿಗೆ ಉಸಿರು. ಯಾರ ಮನೆಗೆ ಯಾವ ಕಾಲಿಟ್ಟು ಹೋಗಬೇಕು, ಎಷ್ಟು ಸಲ ಕರೆದರೆ ಊಟಕ್ಕೆ ಏಳಬೇಕು, ಯಾರ ಎದುರು ಯಾವ ರುಮಾಲು ಸುತ್ತಬೇಕು ಎಂಬುದೆಲ್ಲ ಅವರ ತಲೆಯಲ್ಲಿ ಅಚ್ಚಾಗಿತ್ತು. ಅಂಥವರು ಕೆಟ್ಟವರಿರುವುದಿಲ್ಲ. ಅವರಿಂದ ಆಗುವ ಕೆಡುಕು ಮಾತ್ರ ಕೆಟ್ಟವರು ಮಾಡಿದ್ದಕ್ಕಿಂತ ಹೆಚ್ಚು ದಿನ ಉಳಿಯುತ್ತದೆ.

ಸಾವಿರದ ಒಂಬೈನೂರ ಇಪ್ಪತ್ತಾರರ ಕಾರ್ತಿಕದಲ್ಲಿ ಗಂಡಹೆಂಡತಿ ಕಾಶಿ, ಪ್ರಯಾಗ, ಗಯಾ ಮುಗಿಸಿಕೊಂಡು ಪುಣೆಯ ಗಾಡಿಯಿಂದ ಬೆಳಗಾವಿಯಲ್ಲಿ ಇಳಿದರು. ಖಾನಾಪುರಕ್ಕೆ ಹೋಗುವ ಪ್ಯಾಸೆಂಜರ್ ಸಂಜೆಗೆ. ಕಾಶಿಯಿಂದ ಬಂದವರು ನೇರ ಮನೆಗೆ ಹೋಗುವಂತಿಲ್ಲ. ಊರ ಹೊರಗಿನ ಮಾರುತಿ ಗುಡಿಯಲ್ಲಿ ರಾತ್ರಿ ತಂಗಿ, ಮರುದಿನ ಬೆಳಿಗ್ಗೆ ಬಂಧುಬಳಗ ವಾದ್ಯ ತಂದು ಕರೆದುಕೊಂಡು ಹೋಗಬೇಕು. ರಾಯರು ಇದನ್ನೆಲ್ಲ ಕಾಶಿಯಿಂದಲೇ ಕಾಗದ ಬರೆದು ಗೊತ್ತು ಮಾಡಿದ್ದರು. ವಾದ್ಯದವರಿಗೆ ಎಷ್ಟು ಗಂಟೆಗೆ ಬರಬೇಕೆಂಬುದೂ ಆ ಕಾಗದದಲ್ಲಿತ್ತು.

ಹೋಲ್ಡಾಲು, ಟ್ರಂಕುಗಳನ್ನು ಗುರುತಿನ ಹಮಾಲ ಹಣಮಪ್ಪನಿಗೆ ಒಪ್ಪಿಸಿ ರಾಯರು ನೆರಳಿಗೆ ಕೂರಲು ಜಾಗ ಹುಡುಕುತ್ತಿದ್ದಾಗ ಹಿಂದಿನಿಂದ ಹೆಂಡತಿಯ ಮಾತು ಕೇಳಿಸಿತು.

“ಗಾಡಿಗೆ ಇನ್ನೂ ಭಾಳ ಹೊತ್ತದ. ಖಡೇಬಜಾರಕ್ಕ ಹೋಗಿ ಬರೂಣು.”

ರಾಯರು ತಿರುಗಿ ನೋಡಿದರು. ಕೃಷ್ಣಾಬಾಯಿ ಗಂಗಾಜಲದ ತಾಮ್ರದ ಗಿಂಡಿಯನ್ನು ಸೊಂಟದ ಮೇಲಿಟ್ಟುಕೊಂಡು ಸುಮ್ಮನೆ ನಿಂತಿದ್ದಳು. ಬಾಯಿಗೆ ಬೆಸುಗೆ ಹಾಕಿದ ಗಿಂಡಿ ಅದು. ಕಾಶಿಯಿಂದ ಇಲ್ಲಿಯವರೆಗೆ ಆಕೆ ಅದನ್ನು ಇನ್ನೊಬ್ಬರ ಕೈಗೆ ಕೊಟ್ಟಿರಲಿಲ್ಲ. ಆಕೆಯ ಮುಖದಲ್ಲಿ ಸಿಟ್ಟಿರಲಿಲ್ಲ, ನಗೆಯೂ ಇರಲಿಲ್ಲ. ರಾಯರಿಗೆ ಗಾಬರಿಯಾಯಿತು. ಏನಾದರೂ ಬೇಕಿದ್ದರೆ ತಾವೇ ತಂದುಕೊಡುವುದಾಗಿ ಹೇಳಿ ನೋಡಿದರು. ಬಿಸಿಲಿನ ಮಾತೆತ್ತಿದರು. ಆಕೆ ಆಗಲೇ ಟಾಂಗಾದ ಕಡೆಗೆ ನಡೆದಿದ್ದಳು.

ಗಯಾದಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಅಲ್ಲಿ ಅಕ್ಷಯವಟದ ಕೆಳಗೆ ಯಾತ್ರೆಯವರು ತಮಗೆ ಪ್ರೀತಿಯದಾದ ಒಂದು ವಸ್ತುವನ್ನು ಜೀವ ಇರುವವರೆಗೆ ಬಿಡಬೇಕು. ಸಾಮಾನ್ಯವಾಗಿ ಒಂದು ಹಣ್ಣು, ಒಂದು ಕಾಯಿಪಲ್ಯ. ರಾಯರು ಗಟ್ಟಿಯಾಗಿ ಹಾಗಲಕಾಯಿ ಬಿಟ್ಟೆನೆಂದು ಹೇಳಿ ನೀರು ಬಿಟ್ಟರು. ಹಾಗಲಕಾಯಿಯನ್ನು ಅವರು ಹುಟ್ಟಿದಾಗಿನಿಂದ ಬಾಯಿಗಿಟ್ಟವರಲ್ಲ. ಕಾಶಿಗೆ ಹೋದ ನಮ್ಮ ಗಂಡಸರಲ್ಲಿ ಅರ್ಧ ಜನ ಬಿಡುವುದು ಹೀಗೆಯೇ, ಅದಕ್ಕಾಗಿ ಅವರೊಬ್ಬರನ್ನೇ ದೂರಬೇಕಾಗಿಲ್ಲ. ಕೃಷ್ಣಾಬಾಯಿಯ ಸರದಿ ಬಂದಾಗ, ಮನಸ್ಸಿನಲ್ಲೇ ಹೇಳಿಕೊಂಡರೆ ನಡೆಯುತ್ತದೆಯೇ ಎಂದು ಆಕೆ ಕೇಳಿದಳು. ನಡೆಯುತ್ತದೆ ಎಂದರು ಅಲ್ಲಿಯ ಭಟ್ಟರು. ಆಕೆ ಕಣ್ಣು ಮುಚ್ಚಿ, ಬಹಳ ಹೊತ್ತು ತೆಗೆದುಕೊಂಡು, ನೀರು ಬಿಟ್ಟಳು.

ಏನು ಬಿಟ್ಟಳೆಂದು ತಿಳಿಯದೆ ರಾಯರಿಗೆ ತಡೆಯಲಾಗಲಿಲ್ಲ. ಗಾಡಿ ನಿಂತಲ್ಲೆಲ್ಲ ಇಳಿದು ಒಂದೊಂದು ಹಣ್ಣು ತಂದು ಕೊಟ್ಟು ಪರೀಕ್ಷೆ ಮಾಡಿದರು. ಆಕೆ ಪೇರಲ ತಿಂದಳು, ಬಾಳೆ ತಿಂದಳು, ಮನಮಾಡದಲ್ಲಿ ಕಿತ್ತಳೆ, ಪುಣೆಯಲ್ಲಿ ಸೀತಾಫಲ ತಿಂದಳು. ಬದನೆಕಾಯಿ ಪಲ್ಯವನ್ನೂ ಬಿಡಲಿಲ್ಲ. ನೇರವಾಗಿ ಕೇಳಿದ್ದಕ್ಕೆ, ಬಿಟ್ಟದ್ದರ ಮಾತೇಕೆ ಎಂದು ಕಿಡಕಿಯ ಹೊರಗೆ ನೋಡಿದಳು.

ಅದೇ ಗಯಾದಲ್ಲಿ ಇನ್ನೊಂದು ನಡೆದಿತ್ತು. ಪಿಂಡ ಇಡುವಾಗ ಹೆಂಡತಿಯ ಕಡೆಯ ಹಿರಿಯರ ಹೆಸರೂ ಹೇಳಬೇಕಾಗಿ ಬಂತು. ಮಾವನವರ ಹೆಸರು ಹೇಳಿದ ರಾಯರು ಅತ್ತೆಯ ಹೆಸರಿಗೆ ಬಂದು ನಿಂತುಬಿಟ್ಟರು. ನೆನಪಿಗೆ ಬರಲಿಲ್ಲ. ಅಷ್ಟು ಜನರ ನಡುವೆ ಹಿಂದೆ ತಿರುಗಿ, “ನಿಮ್ಮವ್ವನ ಹೆಸರೇನ?” ಎಂದು ಕೇಳಬೇಕಾಯಿತು. “ಕಾಶೀಬಾಯಿ” ಎಂದಳು ಆಕೆ. ಅಕ್ಷಯವಟಕ್ಕೆ ಹೋದದ್ದು ಆಮೇಲೆ.

ಟಾಂಗಾ ಖಡೇಬಜಾರದ ತುದಿಯಲ್ಲಿ ಅವರನ್ನು ಇಳಿಸಿತು. ರಾಯರು ಮುಂದೆ, ಕೃಷ್ಣಾಬಾಯಿ ನಾಲ್ಕು ಹೆಜ್ಜೆ ಹಿಂದೆ. ಮದುವೆಯಾದಂದಿನಿಂದ ಇದೇ ಲೆಕ್ಕ. ಹೆಂಡತಿ ಬರುತ್ತಿದ್ದಾಳೆಯೇ ಎಂದು ರಾಯರು ತಿರುಗಿ ನೋಡುತ್ತಿರಲಿಲ್ಲ, ಕಾಲುಂಗುರದ ಸಪ್ಪಳ ಕೇಳಿದರೆ ಸಾಕಿತ್ತು. ಇವತ್ತು ಮಾತ್ರ ಅವರು ಹತ್ತು ಹೆಜ್ಜೆಗೊಮ್ಮೆ ತಿರುಗಿದರು.

ಬೀದಿ ತುಂಬಿತ್ತು. ತಾಮ್ರದಂಗಡಿಗಳ ಟಣಟಣ, ಅತ್ತರಿನ ವಾಸನೆ, ಕ್ಯಾಂಪಿನಿಂದ ಬಂದ ಇಬ್ಬರು ಸೋಲ್ಜರರ ಹಿಂದೆ ಬಿದ್ದ ಬಾಳೆಹಣ್ಣಿನ ಹೆಂಗಸು, ಮರಾಠಿಯಲ್ಲಿ ಕರೆದು ಕನ್ನಡದಲ್ಲಿ ಜಗಳವಾಡುವ ಜವಳಿ ಅಂಗಡಿಯವರು. ಎರಡು ವರ್ಷದ ಹಿಂದೆ ಕಾಂಗ್ರೆಸ್ಸಿನ ಅಧಿವೇಶನ ಆದ ಮೇಲೆ ಊರಿನ ತಲೆಗಳೇ ಬದಲಾಗಿದ್ದವು. ಮೊದಲು ರುಮಾಲು, ಪಗಡಿ ಕಾಣುತ್ತಿದ್ದಲ್ಲಿ ಈಗ ಎರಡಕ್ಕೊಂದು ಬಿಳಿ ಟೊಪ್ಪಿಗೆ. ರಾಯರು ಅದನ್ನು ಮೆಚ್ಚಿದವರಲ್ಲ. ಅವರ ತಲೆಯ ಮೇಲೆ ಎಂದಿನಂತೆ ಕೆಂಪಂಚಿನ ಬಿಳಿ ರುಮಾಲು ಇತ್ತು. ಅದರ ಕೆಳಗೆ ಪ್ರಯಾಗದಲ್ಲಿ ಬೋಳಿಸಿದ ತಲೆ, ಮೀಸೆಯಿಲ್ಲದ ಮುಖ.

ಕೃಷ್ಣಾಬಾಯಿ ನಿಧಾನಕ್ಕೆ ನಡೆದಳು. ಎಡಕ್ಕೂ ಬಲಕ್ಕೂ ನೋಡಿದಳು. ಬೇರೆ ಹೆಂಗಸರು ನೋಡುವಂತೆ ಸಾಮಾನನ್ನಲ್ಲ, ಅಂಗಡಿಗಳ ಮೆಟ್ಟಿಲುಗಳನ್ನು ನೋಡುತ್ತಿದ್ದಳು. ರಾಯರು ಇಳಕಲ್ ಸೀರೆ ತೋರಿಸಿದರು, ಬೇಡವೆಂದಳು. ಬಳೆ ಇಡಿಸಿಕೊಳ್ಳುವಂತೆ ಹೇಳಿದರು. ಕಾಶಿಯ ಬಳೆ ಇನ್ನೂ ಕೈಯಲ್ಲಿವೆ ಎಂದಳು. ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ರಾಯರಿಗೆ ಹಿತವೆನಿಸುತ್ತಿತ್ತು, ಮೂವತ್ತು ವರ್ಷದಿಂದ ಅವರಿಗೆ ಅದರ ರೂಢಿ ಇತ್ತು. ಮುಂದೆ ಎಡಗಡೆ ಬರಲಿರುವ ಒಂದು ಅಂಗಡಿಯನ್ನು ಮಾತಿನಲ್ಲಿಯೇ ದಾಟಿಸಿಬಿಡಬೇಕೆಂದು ಅವರು ಜೋರಾಗಿ ಏನೇನೋ ಹೇಳುತ್ತ ನಡೆದರು.

ಆ ಅಂಗಡಿಯ ಕಥೆ ಇಷ್ಟು. ಮೂವತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಖಾನಾಪುರಕ್ಕೆ ಅನಗೋಳದಿಂದ ಆಳು ಬಂದ. ಕೃಷ್ಣಾಬಾಯಿಯ ತವರುಮನೆ ಬೆಳಗಾವಿಗೆ ಹೊಂದಿಕೊಂಡ ಆ ಅನಗೋಳದಲ್ಲಿ. ತಾಯಿಗೆ ಬಹಳ ಜಡ್ಡು, ಮಗಳನ್ನು ಕೇಳುತ್ತಿದ್ದಾಳೆ, ತಡ ಮಾಡಬೇಡಿರಿ ಎಂದು ಸುದ್ದಿ. ಗಂಡಹೆಂಡತಿ ಉಟ್ಟಬಟ್ಟೆಯಲ್ಲೇ ರೈಲು ಹತ್ತಿದರು. ದೇಸೂರು ದಾಟಿದ ಮೇಲೆ ಗಾಡಿ ಯಾಕೆ ನಿಧಾನವಾಯಿತೆಂದು ರಾಯರು ಕಿಡಕಿಯಿಂದ ತಲೆ ಹೊರಗೆ ಹಾಕಿದರು. ಗಾಳಿಗೆ ರುಮಾಲು ಹಾರಿ ಹೊಲಕ್ಕೆ ಬಿತ್ತು.

ನಮ್ಮಲ್ಲಿ ಗಂಡಸು ಬರಿದಲೆಯಲ್ಲಿ ಬೀದಿಗೆ ಬರುವುದು ಮನೆಯಲ್ಲಿ ಸಾವಾದಾಗ. ಜೀವ ಹಿಡಿದುಕೊಂಡಿರುವ ಅತ್ತೆಯ ಮನೆಯ ಹೊಸ್ತಿಲಲ್ಲಿ ಅಳಿಯ ಬರಿದಲೆಯಲ್ಲಿ ಹೋಗಿ ನಿಂತರೆ ಸಾವನ್ನು ಕರೆದುಕೊಂಡೇ ಬಂದ ಹಾಗಲ್ಲವೇ? ರಾಯರಿಗೆ ಹಾಗೆ ಕಂಡಿತು. ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಸ್ಟೇಶನ್ನಿನಿಂದ ಅನಗೋಳ ದಕ್ಷಿಣಕ್ಕೆ, ಖಡೇಬಜಾರ ಉತ್ತರಕ್ಕೆ. ರಾಯರು ಟಾಂಗಾವನ್ನು ಉತ್ತರಕ್ಕೆ ಹೊಡೆಸಿದರು. ಅಂಗಡಿಯವನು ಮೊಣಕಾಲಿನ ಮೇಲೆ ಒಂದೊಂದೇ ರುಮಾಲು ಸುತ್ತಿ ಸುತ್ತಿ ತೋರಿಸಿದ. ಒಂದು ಬಣ್ಣ ಹೆಚ್ಚು ಹಬ್ಬದ್ದಾಯಿತು, ಇನ್ನೊಂದು ಹೆಚ್ಚು ಮಾಸಲಾಯಿತು. ಕೃಷ್ಣಾಬಾಯಿ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಒಂದೇ ಸಲ, “ಇನ್ನ ನಡೀರಲಾ” ಎಂದಳು. ಆಯಿತು, ಆಯಿತು ಎಂದರು ರಾಯರು. ಮುಕ್ಕಾಲು ತಾಸು ಹೋಯಿತು.

ಅನಗೋಳಕ್ಕೆ ಮುಟ್ಟಿದಾಗ ಕಾಶೀಬಾಯಿಯ ಮೈ ಇನ್ನೂ ಬೆಚ್ಚಗಿತ್ತು. ಮೂರು ಸಲ ಕೃಷ್ಣಿ ಬಂದಳೇನು ಎಂದು ಕೇಳಿದಳಂತೆ. ಕೊನೆಗೆ ಬಾಯಿಗೆ ತುಳಸಿಯ ನೀರು ಬಿಟ್ಟವಳು ಬಾಜು ಮನೆಯ ಪದ್ಮವ್ವ. ಹೊಸ ರುಮಾಲು ಸುತ್ತಿಕೊಂಡು ಬಾಗಿಲಲ್ಲಿ ನಿಂತ ರಾಯರು ಅದನ್ನು ಕೂಡಲೇ ತೆಗೆಯಬೇಕಾಯಿತು, ಸಾವಿನ ಮನೆಯಲ್ಲವೇ. ಆಮೇಲೆ ಗಂಡಹೆಂಡತಿಯ ನಡುವೆ ಆ ದಿನದ ಮಾತೇ ಬರಲಿಲ್ಲ. ಸಂಸಾರ ನಡೆಯಿತು, ಮಕ್ಕಳಾದವು, ಮಕ್ಕಳ ಮದುವೆಗಳಾದವು. ಕೃಷ್ಣಾಬಾಯಿ ಖಡೇಬಜಾರಕ್ಕೆ ಮಾತ್ರ ಬರಲಿಲ್ಲ.

ರಾಯರು ಆ ಅಂಗಡಿಯನ್ನು ಮಾತಿನಲ್ಲಿ ದಾಟಿಸಲು ಹೋದದ್ದು ಫಲಿಸಲಿಲ್ಲ. ಕಾಲುಂಗುರದ ಸಪ್ಪಳ ನಿಂತಿತ್ತು.

“ಆ ಅಂಗಡಿ ಯಾವದ್ರಿ?” ಎಂದು ಕೃಷ್ಣಾಬಾಯಿ ಕೇಳಿದಳು. “ಮೆಟ್ಟಲಾ ಎಲ್ಲಾ ಒಂದ ನಮೂನಿ ಆಗ್ಯಾವ, ಗೊತ್ತ ಆಗವಲ್ದು.”

ಯಾವ ಅಂಗಡಿ ಎಂದು ರಾಯರು ಕೇಳಬಹುದಿತ್ತು. ಬಾಯಿಯವರೆಗೆ ಬಂದ ಮಾತನ್ನು ನುಂಗಿ ಕೈ ತೋರಿಸಿದರು. ಅವರಿಗೆ ಮರೆಯುವುದು ಸಾಧ್ಯವಿರಲಿಲ್ಲ. ಪ್ರತಿ ದೀಪಾವಳಿಗೆ ಅವರು ರುಮಾಲು ಕೊಳ್ಳುತ್ತಿದ್ದದ್ದು ಅಲ್ಲಿಯೇ. ಬೇರೆ ಅಂಗಡಿಗೆ ಹೋದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆಂದು ಅವರಿಗೆ ಅನಿಸುತ್ತಿತ್ತು. ಈಗ ಅಲ್ಲಿ ರುಮಾಲುಗಳು ಮೂಲೆ ಸೇರಿ, ಮುಂದೆ ಬಿಳಿ ಟೊಪ್ಪಿಗೆಗಳನ್ನು ಒಂದರೊಳಗೊಂದು ಇಟ್ಟು ಹಪ್ಪಳದ ಹಾಗೆ ಪೇರಿಸಿದ್ದರು.

ಕೃಷ್ಣಾಬಾಯಿ ಹೋಗಿ ಮೆಟ್ಟಿಲ ಮೇಲೆ ಕೂತಳು. ಗಿಂಡಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಅಂಗಡಿಯವನು ಏನು ಬೇಕೆಂದು ಮರಾಠಿಯಲ್ಲಿ ಕೇಳಿದ. ಏನೂ ಬೇಡ, ಸ್ವಲ್ಪ ಕೂಡುತ್ತೇನೆ ಎಂದು ಆಕೆಯೂ ಮರಾಠಿಯಲ್ಲೇ ಹೇಳಿದಳು. ರಾಯರು ಎದುರಿಗೆ ನಿಂತರು. ಇನ್ನು ಮೂವತ್ತು ವರ್ಷದ್ದೆಲ್ಲ ಹೊರಗೆ ಬರುತ್ತದೆ, ನಡುಬೀದಿಯಲ್ಲಿ ಬರುತ್ತದೆ ಎಂದು ಅವರು ಮೈ ಗಟ್ಟಿ ಮಾಡಿಕೊಂಡರು.

“ಗಯಾದಾಗ ಏನ ಬಿಟ್ಟಿ, ಏನ ಬಿಟ್ಟಿ ಅಂತ ಹಾದಿಗುಂಟ ಕೇಳ್ಕೊಂತ ಬಂದ್ರಿ” ಎಂದಳು ಕೃಷ್ಣಾಬಾಯಿ. “ನಿಮ್ಮ ಮ್ಯಾಲಿನ ಸಿಟ್ಟ ಬಿಟ್ಟೆ. ಪ್ರೀತಿದ್ದದ್ದ ಬಿಡಬೇಕು ಅಂದ್ರು ಭಟ್ರು. ನನ್ನ ಹಂತ್ಯಾಕ ಅದಕ್ಕಿಂತ ಹೆಚ್ಚಿಂದು ಏನೂ ಇರಲಿಲ್ಲ.”

ರಾಯರ ಕೈ ತಾನಾಗಿಯೇ ತಲೆಯ ಮೇಲಿನ ರುಮಾಲಿಗೆ ಹೋಯಿತು.

“ಖರೇನ ಹೋಗೇದೋ ಇಲ್ಲೋ ನೋಡೂಣಂತ ಇಲ್ಲಿಗೆ ಬಂದೆ. ಹೋಗೇದ. ನೀವು ರುಮಾಲ ನೋಡಿದ್ದು, ನಾ ಇಲ್ಲೆ ಕೂತದ್ದು, ಎಲ್ಲಾ ನೆನಪದ, ಏನೂ ಅನಸವಲ್ದು. ಆದರ ಅದರ ಜೋಡಿ ಅವ್ವನ ಮುಖಾನೂ ಹೋಗೇದ್ರಿ. ಸಿಟ್ಟ ಬಂದಾಗೆಲ್ಲಾ ಅಕಿ ಮುಖಾ ಕಣ್ಣಮುಂದ ಬರ್ತಿತ್ತು. ಗಯಾದಿಂದ ಈಕಡೆ ಎಷ್ಟ ನೆನಸಿದ್ರೂ ಬರವಲ್ದು. ಇಲ್ಲಿಗೆ ಬಂದ್ರ ಬರ್ತದೇನೋ ಅಂದ್ಕೊಂಡಿದ್ದೆ.”

ಅಷ್ಟು ಹೇಳಿ ಆಕೆ ಗಿಂಡಿಯ ಬೆಸುಗೆಯ ಮೇಲೆ ಹೆಬ್ಬೆರಳು ಉಜ್ಜುತ್ತ ಕೂತಳು. ಅಳಲಿಲ್ಲ. ಅತ್ತಿದ್ದರೆ ರಾಯರಿಗೆ ಏನು ಮಾಡಬೇಕೆಂಬುದು ಗೊತ್ತಿತ್ತು, ಅದಕ್ಕೂ ಒಂದು ರೀತಿ ಇದೆ. ಇದಕ್ಕೆ ಅವರ ಬಳಿ ಯಾವ ರಿವಾಜೂ ಇರಲಿಲ್ಲ. ಅವರಿಗೆ ನಾಚಿಕೆಯಾಯಿತು. ಹಾಗಲಕಾಯಿ ನೆನಪಾಗಿ ಮತ್ತಷ್ಟು ನಾಚಿಕೆಯಾಯಿತು.

ಬೀದಿಯ ನಡುವೆ ನಿಂತು ರಾಯರು ತಲೆಯ ಮೇಲಿನ ರುಮಾಲು ತೆಗೆದರು. ಸುತ್ತು ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಅಂಗಡಿಯ ಕಟ್ಟೆಯ ಮೇಲೆ ಇಟ್ಟರು. ಅಂಗಡಿಯವನು ಬದಲು ಕೊಡಬೇಕೇನೋ ಎಂದು ಒಂದು ಟೊಪ್ಪಿಗೆ ಮುಂದೆ ಮಾಡಿದ. ರಾಯರು ಅದನ್ನು ಹಿಂದಕ್ಕೆ ಸರಿಸಿ, “ಏಳು, ಅನಗೋಳಕ್ಕ ಹೋಗೂಣು” ಎಂದರು.

ಅನಗೋಳಕ್ಕೆ ಹೋದರೆ ಗಾಡಿ ತಪ್ಪುತ್ತದೆ, ನಾಳೆ ವಾದ್ಯದವರು ಬಂದು ನಿಂತಿರುತ್ತಾರೆ ಎಂದು ಕೃಷ್ಣಾಬಾಯಿಯೇ ನೆನಪು ಮಾಡಿಕೊಟ್ಟಳು. ನಿಲ್ಲಲಿ ಎಂದರು ರಾಯರು. ತಲೆಗೆ ಏನಾದರೂ ಹಾಕಿಕೊಳ್ಳಿರೆಂದು ಆಕೆ ಮೆಲ್ಲಗೆ ಹೇಳಿದಳು. ಅವರು ಕೇಳಿಸಿಕೊಳ್ಳಲಿಲ್ಲ.

ಬಂದ ದಾರಿಯಲ್ಲೇ ತಿರುಗಿ ನಡೆದರು. ಬೋಳುತಲೆ, ಬೋಳುಮುಖ, ಬರಿದಲೆ. ನೋಡಿದವರು ದಾರಿ ಬಿಟ್ಟರು. ಬಳೆಗಾರ ಕೂಗುವುದನ್ನು ನಿಲ್ಲಿಸಿದ. ಕೋರ್ಟಿನ ಹಳೆಯ ಕಾರಕೂನ ಪಂಢರಿನಾಥನಿಗೂ ರಾಯರಿಗೂ ಇಪ್ಪತ್ತು ವರ್ಷದ ಪರಿಚಯ. ಇವರು ಕಾಶಿಗೆ ಹೋದದ್ದು ಅವನಿಗೆ ತಿಳಿದಿರಲಿಲ್ಲ. ಎದುರಿಗೆ ಬಂದವನು ಗುರುತು ಹಿಡಿದು ಗಾಬರಿಯಿಂದ ನಿಂತ.

“ಯಾರ ಹೋದ್ರು, ರಾಯರ?”

“ನಮ್ಮ ಅತ್ತಿ” ಎಂದರು ರಾಯರು. “ಕಾಶೀಬಾಯಿ ಅಂತ. ಅನಗೋಳದವರು.”

ಪಂಢರಿನಾಥ ಲೊಚಗುಟ್ಟಿ ತಲೆಯಾಡಿಸಿ, ಯಾವಾಗ ಎಂದು ಕೇಳಿದ.

“ಮೂವತ್ತ ವರ್ಷ ಆತು. ಈಗ ಹೊಂಟೇನಿ.”

ಪಂಢರಿನಾಥ ಒಮ್ಮೆ ರಾಯರನ್ನು, ಒಮ್ಮೆ ಹಿಂದೆ ನಿಂತ ಕೃಷ್ಣಾಬಾಯಿಯನ್ನು ನೋಡಿದ. ಬಿಸಿಲು ತಾಗಿದೆ ಎಂದುಕೊಂಡಿರಬೇಕು. ಒಂದು ಟಾಂಗಾ ಮಾಡಿಕೊಡಲೇ ಎಂದು ಕೇಳಿದ. ನಡೆದೇ ಹೋಗುತ್ತೇವೆಂದು ರಾಯರು ಮುಂದೆ ಸಾಗಿದರು.

ಸ್ಟೇಶನ್ ದಾಟಿ ಟಿಳಕವಾಡಿಯ ರೈಲ್ವೆ ಗೇಟಿಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಗೇಟು ಹಾಕಿದ್ದರು. ಎತ್ತಿನ ಗಾಡಿಗಳ ನಡುವೆ ಇಬ್ಬರೂ ನಿಂತರು. ಖಾನಾಪುರದ ಪ್ಯಾಸೆಂಜರ್ ಹೊಗೆ ಬಿಡುತ್ತ ಎದುರಿಗೇ ಹಾಯ್ದುಹೋಯಿತು. ಅದು ತಮ್ಮ ಗಾಡಿ ಎಂದು ಇಬ್ಬರಿಗೂ ಗೊತ್ತಿತ್ತು. ಕೊನೆಯ ಡಬ್ಬಿ ದಾಟಿ ಸದ್ದು ಕಡಿಮೆಯಾದ ಮೇಲೆ ರಾಯರು ಮುಂದೆ ನೋಡುತ್ತಲೇ ಮಾತಾಡಿದರು.

“ಬಲಗಡೆ ಹುಬ್ಬಿನ ಮ್ಯಾಲ ಒಂದ ಹಳೇ ಗಾಯದ ಕಲಿ ಇತ್ತು.”

ಕೃಷ್ಣಾಬಾಯಿಗೆ ತಿಳಿಯಲಿಲ್ಲ. ಯಾರಿಗೆ ಎಂದು ಕೇಳಿದಳು.

“ನಿಮ್ಮವ್ವಗ. ಹಣಿ ಅಗಲ. ಮೂಗಬಟ್ಟಿನಾಗ ಒಂದ ಹರಳ ಬಿದ್ದಿತ್ತು. ತುಟಿ ಬಾಜೂಕ ತುಳಸಿ ನೀರ ಇನ್ನೂ ಆರಿರಲಿಲ್ಲ. ನಾ ಬಾಗಲದಾಗ ನಿಂತ ನೋಡೇನಿ. ಹೆಸರ ಮರತಿದ್ದೆ. ಮುಖಾ ಮರ್ಯಾಕ ಆಗಿಲ್ಲ.”

ಗೇಟಿನವನು ಬಂದು ಗೇಟು ತೆಗೆದ. ಗಾಡಿಗಳು ಹೊರಟವು. ಕೃಷ್ಣಾಬಾಯಿ ಗಿಂಡಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ನಾಲ್ಕು ಹೆಜ್ಜೆ ಬೇಗ ಬೇಗ ಇಟ್ಟು ಗಂಡನ ಬಾಜುವಿಗೆ ಬಂದಳು. ಹಿಂದೆ ನಡೆದರೆ ಮಾತು ಸರಿಯಾಗಿ ಕೇಳಿಸುವುದಿಲ್ಲ.

“ಇನ್ನೂ ಹೇಳ್ರಿ” ಎಂದಳು.

ಅನಗೋಳ ಬರುವವರೆಗೆ ರಾಯರು ಹೇಳುತ್ತ ನಡೆದರು.